ಆನ್‌ಲೈನ್‌ನಲ್ಲಿ ಮೊದಲ ಪ್ರೋಗ್ರಾಮಿಂಗ್ ಕೋರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಭಾನುವಾರ ಬೆಳಿಗ್ಗೆ ಕೆಲವರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಅವರಿಗೆ ಪಾಠ ಮಾಡುವವನು ನಾನಲ್ಲ. ಅವರೆಲ್ಲ ಎಲ್ಲೋ ಒಂದು ಆನ್‌ಲೈನ್ ಕೋರ್ಸಿಗೆ ಸೇರಿ, ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಕೇಳಲು ಒಬ್ಬರು ಬೇಕೆಂದು ಬಂದವರು. ಅವರು ಕೇಳಿದ್ದು, ಊರಿನಿಂದ ಪತ್ರ ಬರೆದವರು ಕೇಳಿದ್ದು, ಎಲ್ಲವೂ ಸುತ್ತಿ ಸುತ್ತಿ ಅದೇ ಕೆಲವು ಪ್ರಶ್ನೆಗಳಿಗೆ ಬಂದು ನಿಲ್ಲುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ.

## ಸೇರುವ ಮುನ್ನ

"ನಾನು ಬಿ.ಕಾಂ. ಓದಿದವಳು, ವಯಸ್ಸು ನಲವತ್ತೊಂದು. ಈಗ ಶುರು ಮಾಡಿದರೆ ತಲೆಗೆ ಹತ್ತುತ್ತಾ?"

ಹತ್ತುತ್ತದೆ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಹದಿನೆಂಟು ರೂಪಾಯಿ ಎಲ್ಲಿ ಹೋಯಿತೆಂದು ರಾತ್ರಿ ಕೂತು ವೋಚರ್ ವೋಚರ್ ತಿರುವಿ ಹುಡುಕಿದವರಿಗೆ ಪ್ರೋಗ್ರಾಮಿಂಗಿಗೆ ಬೇಕಾದ ಮನೋಧರ್ಮ ಅದಾಗಲೇ ಬಂದಿರುತ್ತದೆ. ಪ್ರೋಗ್ರಾಮಿನ ತಪ್ಪನ್ನು ಹುಡುಕುವುದೂ ಅದೇ ಕೆಲಸ. ಎಕ್ಸೆಲ್‌ನಲ್ಲಿ 'ಇಫ್' ಸೂತ್ರ ಹಾಕಿದ್ದರೆ ಷರತ್ತಿನ ಪಾಠ ಅರ್ಧ ಮುಗಿದಂತೆ. ವಯಸ್ಸಾದವರಿಗೆ ಆಗುವ ನಿಜವಾದ ತೊಂದರೆ ಬುದ್ಧಿಯದಲ್ಲ, ಸಮಯದ್ದು. ಮನೆ, ಕಚೇರಿ ಎರಡನ್ನೂ ನಿಭಾಯಿಸಿದ ಮೇಲೆ ಉಳಿಯುವ ಮುಕ್ಕಾಲು ಗಂಟೆಯನ್ನು ಮನೆಯವರು ಗೌರವಿಸಬೇಕು. ಆ ಮಾತನ್ನು ಕೋರ್ಸಿಗೆ ಸೇರುವ ಮೊದಲೇ ಮನೆಯಲ್ಲಿ ಆಡಿಬಿಡುವುದು ಒಳ್ಳೆಯದು.

"ಗಣಿತ ಅಂದ್ರೆ ಭಯ ನನಗೆ. ಪಿಯುಸಿಯಲ್ಲೇ ಬಿಟ್ಟೆ. ಆಗುತ್ತಾ?"

ಮೊದಲ ಕೋರ್ಸಿಗೆ ಕೂಡುವುದು, ಕಳೆಯುವುದು, ಶೇಕಡಾ ಲೆಕ್ಕ, ಭಾಗಿಸಿದಾಗ ಉಳಿಯುವ ಶೇಷ, ಇಷ್ಟು ಸಾಕು. ಅದಕ್ಕಿಂತ ಹೆಚ್ಚಾಗಿ ಬೇಕಾಗುವುದು ಒಂದು ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವ ಅಭ್ಯಾಸ, ಮತ್ತು ಅದು ಗಣಿತ ಬಿಟ್ಟವರಲ್ಲೂ ಇರುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ತಾಯಿಗೆ ಲೂಪಿನೊಳಗೆ ಲೂಪು (ಲೂಪು ಎಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಎಂಬುದು ಎರಡು ವಾರ ತಿಣುಕಿದರೂ ಹಿಡಿಯಲಿಲ್ಲ. ಕೊನೆಗೆ ಅವರೇ ಹಾಳೆಯ ಮೇಲೆ ಚುಕ್ಕಿ ರಂಗೋಲಿ ಇಟ್ಟರು: ಒಂಬತ್ತರಿಂದ ಐದು, ಮಧ್ಯ ಚುಕ್ಕಿ. ನಡುವಿನ ಸಾಲಿನಲ್ಲಿ ಒಂಬತ್ತು, ಅದರ ಮೇಲೂ ಕೆಳಗೂ ಎಂಟು, ಏಳು, ಆರು, ಐದು. ಸಾಲುಗಳನ್ನು ಎಣಿಸುವುದು ಹೊರಗಿನ ಲೂಪು, ಒಂದು ಸಾಲಿನೊಳಗೆ ಚುಕ್ಕಿ ಇಡುವುದು ಒಳಗಿನ ಲೂಪು ಎಂದು ಅವರು ತಾವೇ ಹೇಳಿ, ಅರ್ಧ ಗಂಟೆಯಲ್ಲಿ ಆ ಒಂಬತ್ತು ಸಾಲುಗಳ 61 ಚುಕ್ಕಿಗಳನ್ನು ಪರದೆಯ ಮೇಲೆ ಮೂಡಿಸಿದರು. ಪ್ರತಿ ಸಾಲಿನ ಮುಂದೆ ಎಷ್ಟು ಖಾಲಿ ಜಾಗ ಬಿಡಬೇಕೆಂಬುದನ್ನು ಅವರು ಕೈ ಅಳತೆಯಲ್ಲಿ ಎಷ್ಟೋ ವರ್ಷಗಳಿಂದ ಮಾಡುತ್ತಲೇ ಇದ್ದರು.

"ನಾನು ಕನ್ನಡ ಮಾಧ್ಯಮ. ಪಾಠ ಎಲ್ಲ ಇಂಗ್ಲಿಷ್‌ನಲ್ಲಿರುತ್ತೆ, ಹೇಗೆ ಮಾಡಲಿ?"

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತನಗಾಗಿ ಕಾಯ್ದಿರಿಸಿಕೊಂಡಿರುವ ಪದಗಳು 35 ಮಾತ್ರ, ಮತ್ತು ಮೊದಲ ಕೋರ್ಸಿನಲ್ಲಿ ಅವುಗಳಲ್ಲಿ ಅರ್ಧದಷ್ಟು ಬಂದರೆ ಹೆಚ್ಚು. ಆದ್ದರಿಂದ ಅಡ್ಡಿಯಾಗುವುದು ಆ ಭಾಷೆಯಲ್ಲ, ಪಾಠ ಹೇಳುವವರ ವೇಗದ ಇಂಗ್ಲಿಷ್. ಅದಕ್ಕೆ ಎರಡು ಆಸರೆಗಳಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಕಿರುಪಾಠಗಳಿಗೆ ಕನ್ನಡದ ಧ್ವನಿ ಇದೆ. ಐಐಟಿಗಳ ಉಚಿತ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಠ್ಯರೂಪ ಕನ್ನಡದಲ್ಲೂ ಸಿಗುತ್ತದೆ. ಇವುಗಳ ಜೊತೆಗೆ ಒಂದು ನೋಟ್‌ಬುಕ್ ಇಡಿ. ಹೊಸ ಪದ ಬಂದಾಗ ನಿಘಂಟಿನ ಅರ್ಥವನ್ನು ಬರೆಯುವ ಬದಲು ಅದು ಏನು ಮಾಡುತ್ತದೆ ಎಂಬುದನ್ನು ನಿಮ್ಮದೇ ಕನ್ನಡದಲ್ಲಿ ಬರೆದುಕೊಳ್ಳಿ. 'ವೇರಿಯಬಲ್' ಎದುರು 'ಚರಾಂಶ' ಎಂದು ಬರೆದವರಿಗಿಂತ 'ಹೆಸರು ಅಂಟಿಸಿದ ಡಬ್ಬಿ, ಒಳಗಿರುವುದು ಬದಲಾಗಬಹುದು' ಎಂದು ಬರೆದವರು ಮುಂದೆ ಹೋಗಿದ್ದನ್ನು ನೋಡಿದ್ದೇನೆ. ಕನ್ನಡದಲ್ಲಿ ಯೋಚಿಸುವುದರಿಂದ ಕೋಡಿಗೆ ಯಾವ ನಷ್ಟವೂ ಇಲ್ಲ, ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

"ಮೊಬೈಲ್‌ನಲ್ಲೇ ಕಲೀಬಹುದಾ? ಲ್ಯಾಪ್‌ಟಾಪ್ ತಗೊಳ್ಳೋಕೆ ದುಡ್ಡಿಲ್ಲ."

ಪಾಠ ಕೇಳಲು ಮೊಬೈಲ್ ಸಾಕು, ಬರೆಯಲು ಸಾಲದು. ಮೊದಲ ಕೋರ್ಸಿಗೆ ಹೊಸ ಯಂತ್ರ ಬೇಕಿಲ್ಲ. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಪೈಥಾನನ್ನು ಆರಾಮವಾಗಿ ನಡೆಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವುದಾದರೆ ಅಂಗಡಿಯಲ್ಲೇ ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ, ಚಾರ್ಜರ್ ತೆಗೆದು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಪರೀಕ್ಷಿಸಿ, ಬಿಲ್ ಕೇಳಿ ಪಡೆಯಿರಿ. ಅದೂ ಆಗದಿದ್ದರೆ ಮೊಬೈಲಿಗೆ ಒಂದು ಬ್ಲೂಟೂತ್ ಕೀಬೋರ್ಡ್ ಜೋಡಿಸಿ, ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್ (ಏನನ್ನೂ ಸ್ಥಾಪಿಸಿಕೊಳ್ಳದೆ ಪೈಥಾನ್ ನಡೆಸಬಹುದಾದ ತಾಣ) ತೆರೆದು ಬರೆಯಬಹುದು. ಇದು ಕಷ್ಟದ ದಾರಿ. ಆದರೂ ಇಡೀ ಕೋರ್ಸನ್ನು ಹೀಗೆಯೇ ಮುಗಿಸಿದ ಒಬ್ಬ ಹುಡುಗನನ್ನು ನಾನು ಬಲ್ಲೆ.

"ಸಿ ಮೊದಲಾ, ಜಾವಾ ಮೊದಲಾ, ಪೈಥಾನ್ ಮೊದಲಾ?"

ಕಾಲೇಜಿನ ಪಠ್ಯದಲ್ಲಿ ಸಿ ಇದ್ದರೆ ಸಿ. ಅಂಥ ಕಟ್ಟುಪಾಡು ಇಲ್ಲದವರು ಪೈಥಾನ್‌ನಿಂದ ಆರಂಭಿಸಲಿ. ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಯಲ್ಲಿ ಒಂದೇ ಸಾಲು ಬರೆದು ಫಲಿತಾಂಶ ನೋಡಬಹುದು. ಅರ್ಥವಾಗದ ಐದು ಸಾಲುಗಳನ್ನು ಮಂತ್ರದಂತೆ ಮೊದಲೇ ಬರೆಯಬೇಕಾದ ಪ್ರಮೇಯವಿಲ್ಲ. ಒಂದು ಭಾಷೆ ಗಟ್ಟಿಯಾದರೆ ಎರಡನೆಯದು ತಿಂಗಳುಗಳ ಮಾತಲ್ಲ, ವಾರಗಳ ಮಾತು.

"ಇಷ್ಟೊಂದು ಕೋರ್ಸ್ ಇವೆ. ಯಾವುದಕ್ಕೆ ಸೇರಲಿ?"

ದುಡ್ಡು ಕೊಡುವ ಮುನ್ನ ಉಚಿತವಾದವುಗಳಲ್ಲಿ ಒಂದನ್ನು ಮುಗಿಸಿ ಎಂಬುದು ನನ್ನ ದೃಢವಾದ ಸಲಹೆ. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ, ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್' ಎಂಬ ಹನ್ನೆರಡು ವಾರಗಳ ಕೋರ್ಸಿದೆ. ಏನೂ ಗೊತ್ತಿಲ್ಲದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸೆವೆರೆನ್ಸ್ ಅವರ 'ಪೈಥಾನ್ ಫಾರ್ ಎವ್ರಿಬಡಿ' ನಿಧಾನವಾಗಿ ಕೈಹಿಡಿದು ನಡೆಸುತ್ತದೆ. ಹಾರ್ವರ್ಡ್‌ನಲ್ಲಿ ಡೇವಿಡ್ ಮಲಾನ್ ಕಲಿಸುವ 'ಸಿಎಸ್50' ಸ್ಕ್ರ್ಯಾಚ್‌ನಿಂದ (ಚಿತ್ರದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮು ಕಟ್ಟುವ ಭಾಷೆ) ಹೊರಟು ಸಿ ಭಾಷೆಯನ್ನು ಹಾದು ಆಮೇಲೆ ಪೈಥಾನಿಗೆ ಬರುತ್ತದೆ. ಅದು ಬಹಳ ಒಳ್ಳೆಯದು, ಅಷ್ಟೇ ಕಠಿಣವೂ ಹೌದು. ಅದರ ಅಭ್ಯಾಸಗಳಿಗೆ ವಾರದಲ್ಲಿ ಹತ್ತು ಗಂಟೆಯನ್ನಾದರೂ ಮೀಸಲಿಡಬಲ್ಲವರು ಸೇರಲಿ.

ಆರಿಸುವಾಗ ನೋಡಬೇಕಾದದ್ದು ಪಾಠಗಳ ಸಂಖ್ಯೆಯನ್ನಲ್ಲ, ತಾನಾಗಿ ತಿದ್ದಿ ಅಂಕ ಕೊಡುವ ಅಭ್ಯಾಸಗಳು ಇವೆಯೇ ಎಂಬುದನ್ನು. ಕೋರ್ಸು ತೀರ ಹಳೆಯದಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಪಾಠ ಹೇಳುವವರು 'ಪ್ರಿಂಟ್' ಆದ ಮೇಲೆ ಆವರಣ ಚಿಹ್ನೆ ಹಾಕದೆ ಬರೆಯುತ್ತಿದ್ದರೆ ಅದು ಹಳೆಯ ಆವೃತ್ತಿಯಾದ ಪೈಥಾನ್ 2. ಅದಕ್ಕೆ ನೀಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೇ ನಿಂತುಹೋಗಿದೆ.

## ಕಲಿಯಲು ಕುಳಿತ ಮೇಲೆ

"ವಿಡಿಯೋ ನೋಡುವಾಗ ಎಲ್ಲ ಅರ್ಥ ಆಗುತ್ತೆ. ನಾನೇ ಬರೆಯೋಕೆ ಕೂತರೆ ಏನೂ ಬರಲ್ಲ. ಯಾಕೆ?"

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಇದು, ಮತ್ತು ಜನ ಕೋರ್ಸು ಬಿಡುವುದೂ ಹೆಚ್ಚಾಗಿ ಇದೇ ಜಾಗದಲ್ಲಿ. ಇನ್ನೊಬ್ಬರು ಬರೆದ ಸಾಲನ್ನು ಗುರುತಿಸುವುದು ಒಂದು ಸಾಮರ್ಥ್ಯ, ಖಾಲಿ ಪರದೆಯ ಮೇಲೆ ಮೊದಲ ಸಾಲನ್ನು ತಾನೇ ಹುಡುಕಿ ಬರೆಯುವುದು ಬೇರೆಯೇ ಸಾಮರ್ಥ್ಯ. ವಿಡಿಯೋ ಮೊದಲನೆಯದನ್ನು ಮಾತ್ರ ಬೆಳೆಸುತ್ತದೆ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ನಾವು 'ತಿದ್ದು' ಎನ್ನುತ್ತೇವೆ. ಬರೆದದ್ದರ ಮೇಲೆ ಬೆರಳು ಆಡಿಸುವುದಕ್ಕೂ ಅದೇ ಪದ, ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಪದ. ಪ್ರೋಗ್ರಾಮಿಂಗ್ ಕಲಿಯಲು ಆ ಎರಡು ಅರ್ಥದ ತಿದ್ದುವಿಕೆಯೂ ಬೇಕು.

ನಮ್ಮ ಕೋಣೆಯಲ್ಲಿ ಅದನ್ನು ಹೀಗೆ ಮಾಡುತ್ತೇವೆ. ಹತ್ತು ನಿಮಿಷ ಪಾಠ ನೋಡಿ ವಿಡಿಯೋ ಮುಚ್ಚಿಡುವುದು. ನೋಡಿದ ಪ್ರೋಗ್ರಾಮನ್ನು ನೆನಪಿನಿಂದ, ಕಾಪಿ ಪೇಸ್ಟ್ ಮಾಡದೆ, ಕೈಯಾರೆ ಟೈಪ್ ಮಾಡುವುದು. ರನ್ ಕೊಡುವ ಮುನ್ನ ಏನು ಬರುತ್ತದೆಂದು ಕಾಗದದ ಮೇಲೆ ಬರೆದಿಡುವುದು. ಬಂದದ್ದು ಬೇರೆಯಾಗಿದ್ದರೆ ಯಾಕೆಂದು ಕಂಡುಹಿಡಿಯುವವರೆಗೆ ಮುಂದೆ ಹೋಗದಿರುವುದು. ಸರಿ ಬಂದರೆ ಬೇಕೆಂದೇ ಒಂದು ಕಡೆ ಕೆಡಿಸುವುದು: ಒಂದು ಕೋಲನ್ ತೆಗೆಯುವುದು, ಹತ್ತರ ಬದಲು ಸೊನ್ನೆ ಹಾಕುವುದು. ಒಂದರಿಂದ ಹತ್ತರವರೆಗೆ ಎಣಿಸು ಎಂದು 'ರೇಂಜ್'ಗೆ 1 ಮತ್ತು 10 ಕೊಟ್ಟರೆ ಅದು ಒಂಬತ್ತಕ್ಕೇ ನಿಲ್ಲುತ್ತದೆ ಎಂಬ ಸಂಗತಿ ಕೇಳಿದಾಗ ಮರೆತುಹೋಗುತ್ತದೆ; ಕಾಗದದ ಮೇಲೆ ಹತ್ತು ಎಂದು ಬರೆದಿಟ್ಟು ಪರದೆಯ ಮೇಲೆ ಒಂಬತ್ತನ್ನು ಕಂಡವರು ಅದನ್ನು ಮರೆಯುವುದಿಲ್ಲ. ಈ ಕ್ರಮದಲ್ಲಿ ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆ ಹಿಡಿಯುತ್ತದೆ. ಹಿಡಿಯಲಿ.

"ದಿನಕ್ಕೆ ಎಷ್ಟು ಹೊತ್ತು ಕೂರಬೇಕು?"

ದಿನಕ್ಕೆ ಮುಕ್ಕಾಲು ಗಂಟೆ, ವಾರದಲ್ಲಿ ಐದು ದಿನ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತರೆ ಮುಂದಿನ ಭಾನುವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ. ಮೆಟ್ರೋದಲ್ಲಿ ನೋಡಿದ ಪಾಠವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

"ರನ್ ಕೊಟ್ಟ ತಕ್ಷಣ ಕೆಂಪು ಅಕ್ಷರದಲ್ಲಿ ಏನೇನೋ ಬರುತ್ತೆ. ನೋಡಿದರೇ ಎದೆ ಝಲ್ ಅನ್ನುತ್ತೆ."

ಆ ಕೆಂಪು ಅಕ್ಷರಗಳು ಬೈಗುಳವಲ್ಲ, ವಿಳಾಸ. ಅವುಗಳನ್ನು ಕೆಳಗಿನಿಂದ ಓದಿ: ತಪ್ಪು ಯಾವ ಬಗೆಯದೆಂದು ಕೊನೆಯ ಸಾಲು ಹೇಳುತ್ತದೆ, ಎಷ್ಟನೆಯ ಸಾಲಿನಲ್ಲಿ ಎಂಬುದು ಅದರ ಮೇಲೆ ಇರುತ್ತದೆ. 'ನೇಮ್ ಎರರ್' ಬಂದರೆ ನೀವು ಇಟ್ಟ ಹೆಸರೂ ಕರೆದ ಹೆಸರೂ ಒಂದೇ ಅಲ್ಲ. ಹೆಚ್ಚಾಗಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಇರುತ್ತದೆ. 'ಇಂಡೆಂಟೇಶನ್ ಎರರ್' ಬಂದರೆ ಸಾಲಿನ ಆರಂಭದ ಖಾಲಿ ಜಾಗ ಹೆಚ್ಚುಕಡಿಮೆಯಾಗಿದೆ. 'ಸಿಂಟ್ಯಾಕ್ಸ್ ಎರರ್' ಬಂದು ತೋರಿಸಿದ ಸಾಲಿನಲ್ಲಿ ಏನೂ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲನ್ನು ನೋಡಿ, ಅಲ್ಲಿ ಒಂದು ಆವರಣ ಮುಚ್ಚದೆ ಉಳಿದಿರಬಹುದು, ಪೈಥಾನ್ 3.10ರಿಂದ ಈಚೆಗೆ ಆ ಆವರಣ ಮುಚ್ಚಿಲ್ಲವೆಂದು ಅದೇ ಬಾಯಿಬಿಟ್ಟು ಹೇಳುತ್ತದೆ. ವರ್ಡ್ ಫೈಲಿನಿಂದ ಕೋಡ್ ನಕಲು ಮಾಡಿದರೆ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬಂದು ಕೆಡಿಸುತ್ತವೆ. ಕೈಯಿಂದಲೇ ಟೈಪ್ ಮಾಡಿ ಎನ್ನಲು ಇದೂ ಒಂದು ಕಾರಣ.

"ಆಟೋ ಬಾಡಿಗೆ ಲೆಕ್ಕ ಹಾಕೋ ಪ್ರೋಗ್ರಾಂ ಬರೆದೆ. ಐದು ಕಿಲೋಮೀಟರ್ ಅಂತ ಕೊಟ್ಟರೆ ಐದು ಐದು ಐದು ಅಂತ ಉದ್ದಕ್ಕೆ ಬರುತ್ತೆ!"

ನಮ್ಮಲ್ಲಿ ಹೊಸಬರಿಗೆ ಕೊಡುವ ಮೊದಲ ಅಭ್ಯಾಸ ಇದೇ ಆದ್ದರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. 'ಇನ್‌ಪುಟ್' ತಂದುಕೊಡುವುದು ಸಂಖ್ಯೆಯನ್ನಲ್ಲ, ಬರಹವನ್ನು. 5 ಎಂಬ ಬರಹವನ್ನು ಕಿಲೋಮೀಟರಿನ ದರವಾದ 18ರಿಂದ ಗುಣಿಸು ಎಂದರೆ ಪೈಥಾನ್ ಅದನ್ನು ಹದಿನೆಂಟು ಸಲ ಸಾಲಾಗಿ ಬರೆಯುತ್ತದೆ. ಬರಹವನ್ನು ಮೊದಲು ಸಂಖ್ಯೆಯಾಗಿ ಬದಲಿಸಿಕೊಳ್ಳಬೇಕು. ಪೂರ್ಣಾಂಕ ಮಾಡುವ 'ಇಂಟ್' ಬಳಸಿದರೆ ಐದೂವರೆ ಕಿಲೋಮೀಟರ್ ಕೊಟ್ಟಾಗ 'ವ್ಯಾಲ್ಯೂ ಎರರ್' ಬರುವುದರಿಂದ ಇಲ್ಲಿ ದಶಮಾಂಶವನ್ನೂ ಹಿಡಿಯುವ 'ಫ್ಲೋಟ್' ಬೇಕು.

ಈ ಅಭ್ಯಾಸದಲ್ಲಿ ಇನ್ನೂ ತಿರುಳಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಎರಡಕ್ಕಿಂತ ಕಡಿಮೆಯಿದ್ದರೆ 36, ಇಲ್ಲದಿದ್ದರೆ ಉಳಿದ ದೂರವನ್ನು 18ರಿಂದ ಗುಣಿಸಿ 36ಕ್ಕೆ ಕೂಡು ಎಂದು ಎಲ್ಲರೂ ಬರೆಯುತ್ತಾರೆ. ಸ್ವಲ್ಪ ಹೊತ್ತು ನೋಡಿದವರಿಗೆ 36 ಎಂಬುದು 18ರ ಎರಡರಷ್ಟೇ ಎಂದು ಹೊಳೆಯುತ್ತದೆ. ಹಾಗಾದರೆ ಒಟ್ಟು ದೂರವನ್ನು 18ರಿಂದ ಗುಣಿಸಿ, ಆ ಮೊತ್ತ ಮತ್ತು 36 ಇವೆರಡರಲ್ಲಿ ದೊಡ್ಡದನ್ನು ಆರಿಸಿದರೆ ಮುಗಿಯಿತು. ಐದು ಕಿಲೋಮೀಟರಿಗೆ ಎರಡೂ ದಾರಿಯಲ್ಲಿ 90 ರೂಪಾಯಿಯೇ ಬರುತ್ತದೆ. ಆದರೂ ನಾನು ಉದ್ದನೆಯ ದಾರಿಯ ಪರವಾಗಿದ್ದೇನೆ, ಏಕೆಂದರೆ ಮುಂದಿನ ಪರಿಷ್ಕರಣೆಯಲ್ಲಿ ಈ ಎರಡರಷ್ಟರ ಸಂಬಂಧ ತಪ್ಪಿದ ದಿನ ಚುಟುಕು ದಾರಿ ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತದೆ. ಇನ್ನು, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಇಲ್ಲಿ ಹೊಸಬರು ಗಂಟೆ 22 ಅಥವಾ ಅದಕ್ಕಿಂತ ಹೆಚ್ಚು 'ಮತ್ತು' 5ಕ್ಕಿಂತ ಕಡಿಮೆ ಎಂದು ಬರೆಯುತ್ತಾರೆ. ಅಂಥ ಗಂಟೆ ಗಡಿಯಾರದಲ್ಲೇ ಇಲ್ಲ. ಬೇಕಾದದ್ದು 'ಅಥವಾ', ಅಂದರೆ 'ಆರ್'. ಆಡುಮಾತಿನ 'ರಿಂದ, ವರೆಗೆ' ಎಂಬುದು ಎರಡು ಷರತ್ತುಗಳಾಗಿ ಒಡೆದು ನಿಲ್ಲುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

"ನಾಲ್ಕನೇ ವಾರಕ್ಕೆ ಹಿಂದೆ ಬಿದ್ದೆ. ಮನೆಯಲ್ಲಿ ಮದುವೆ ಇತ್ತು. ಬಿಟ್ಟುಬಿಡಲಾ?"

ಬಿಡಬೇಡಿ. ಎನ್‌ಪಿಟಿಇಎಲ್‌ನ ಹನ್ನೆರಡು ವಾರಗಳ ಕೋರ್ಸಿನಲ್ಲಿ ಅತ್ಯುತ್ತಮವಾದ ಎಂಟು ಅಸೈನ್‌ಮೆಂಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಬದುಕಿನಲ್ಲಿ ಮದುವೆ, ಜ್ವರ, ಪರೀಕ್ಷೆ ಬರುತ್ತವೆಂದು ಅವರಿಗೂ ಗೊತ್ತು. ತಪ್ಪಿದ ವಾರಗಳ ಪಾಠವನ್ನು ಬಿಟ್ಟು ಈಗಿನ ವಾರಕ್ಕೆ ಹಾರಬೇಡಿ. ಲೂಪ್ ಬಾರದವರಿಗೆ ಲಿಸ್ಟ್ (ಹಲವು ಮೌಲ್ಯಗಳ ಪಟ್ಟಿ) ಬರುವುದಿಲ್ಲ. ಗಡುವು ಮೀರಿದರೆ ಮೀರಲಿ, ಕ್ರಮ ತಪ್ಪಬಾರದು.

"ಚಾಟ್‌ಜಿಪಿಟಿಗೆ ಕೇಳಿದರೆ ಅದೇ ಬರೆದುಕೊಡುತ್ತೆ. ಮತ್ತೆ ನಾನ್ಯಾಕೆ ಕಲೀಬೇಕು?"

ಮೊದಲ ಕೋರ್ಸಿನ ಅಭ್ಯಾಸಗಳನ್ನು ಅದು ಕ್ಷಣದಲ್ಲಿ ಬರೆದುಕೊಡುತ್ತದೆ, ನಿಜ. ಆದರೆ ಅದು ಬರೆದ ರಾತ್ರಿ ದರದ ಷರತ್ತು ಸರಿಯೋ ತಪ್ಪೋ ಎಂದು ಹೇಳಬೇಕಾದವರು ನೀವು, ಮತ್ತು ಆ ಕಣ್ಣು ಸ್ವತಃ ಬರೆದು ಎಡವಿದವರಿಗೆ ಮಾತ್ರ ಬರುತ್ತದೆ. ಕಲಿಯುವ ಕಾಲದಲ್ಲಿ ಅದರಿಂದ ಉತ್ತರ ಕೇಳಬೇಡಿ, ವಿವರಣೆ ಕೇಳಿ: 'ಈ ಎರರ್‌ನ ಅರ್ಥ ಕನ್ನಡದಲ್ಲಿ ಹೇಳು, ಕೋಡ್ ತಿದ್ದಿಕೊಡಬೇಡ'. ಪಕ್ಕದಲ್ಲಿ ಕೇಳಲು ಯಾರೂ ಇಲ್ಲದವರಿಗೆ ಇದು ದೊಡ್ಡ ಉಪಕಾರ. ಅಂಕಕ್ಕಾಗಿ ಅದರ ಉತ್ತರವನ್ನೇ ಸಲ್ಲಿಸುವುದು ಬಹುತೇಕ ಕೋರ್ಸುಗಳ ನಿಯಮಕ್ಕೆ ವಿರುದ್ಧ.

## ದುಡ್ಡು, ಸರ್ಟಿಫಿಕೇಟ್, ಕೆಲಸ

"ಸರ್ಟಿಫಿಕೇಟ್‌ಗೆ ಬೆಲೆ ಇದೆಯಾ?"

ಕಾಲೇಜಿನಲ್ಲಿ ಓದುತ್ತಿರುವವರಿಗೆ ಇದೆ. ಯುಜಿಸಿಯ 2021ರ ನಿಯಮಾವಳಿಯಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆಯಾದ 'ಸ್ವಯಂ' ಮೂಲಕ (ಎನ್‌ಪಿಟಿಇಎಲ್ ಕೋರ್ಸುಗಳೂ ಅದರಲ್ಲಿವೆ) ಮಾಡಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ನಿಮ್ಮ ಕಾಲೇಜು ಯಾವುದನ್ನು ಒಪ್ಪುತ್ತದೆಂದು ಸೇರುವ ಮುನ್ನ ವಿಭಾಗದಲ್ಲಿ ವಿಚಾರಿಸಿ. ಎನ್‌ಪಿಟಿಇಎಲ್‌ನಲ್ಲಿ ಪಾಠ, ಅಸೈನ್‌ಮೆಂಟ್ ಎರಡೂ ಉಚಿತ. ಶುಲ್ಕವಿರುವುದು ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಮಾತ್ರ. ಅಂಕದಲ್ಲಿ ಶೇ. 25 ಅಸೈನ್‌ಮೆಂಟಿನದು, ಶೇ. 75 ಪರೀಕ್ಷೆಯದು. ಕೆಲಸ ಹುಡುಕುವವರಿಗಾದರೆ ಸರ್ಟಿಫಿಕೇಟಿಗಿಂತ ನೀವೇ ಬರೆದು 'ಇದು ಹೀಗೆ ನಡೆಯುತ್ತದೆ' ಎಂದು ಬಿಡಿಸಿ ಹೇಳಬಲ್ಲ ಒಂದು ಪ್ರೋಗ್ರಾಮು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

"ಕೆಲಸ ಗ್ಯಾರಂಟಿ ಅಂತಾರೆ, ಇಎಂಐ ಇದೆಯಂತೆ. ಸೇರಬಹುದಾ?"

ಇಲ್ಲಿ ನಾನು ಮನಸ್ಸು ಬಿಚ್ಚಿ ಹೇಳಬೇಕು. ನನ್ನ ಅಕ್ಕನ ಮಗ ಇಂಥದೇ ಒಂದು ಸಂಸ್ಥೆಗೆ ಫೋನಿನಲ್ಲೇ ಸೇರಿಕೊಂಡ. ಕಂತಿನ ಶುಲ್ಕ ಎಂದು ಅವರು ಹೇಳಿದ್ದು ನಿಜವಾಗಿ ಬೇರೊಂದು ಹಣಕಾಸು ಕಂಪನಿಯಿಂದ ಅವನ ಹೆಸರಿನಲ್ಲಿ ತೆಗೆದ ಸಾಲ. ಓಟಿಪಿ ಕೊಟ್ಟದ್ದೇ ಸಹಿಯಾಯಿತು. ಎರಡು ತಿಂಗಳಲ್ಲಿ ತರಗತಿಗಳು ಕಳಪೆಯೆಂದು ಅವನು ಬಿಟ್ಟರೂ ಕಂತು ನಿಲ್ಲಲಿಲ್ಲ, ತಪ್ಪಿಸಿದ್ದಕ್ಕೆ ಸಿಬಿಲ್ ಅಂಕ ಬಿತ್ತು. ಮೊದಲ ಕೋರ್ಸೊಂದರಿಂದಲೇ ಕೆಲಸ ಸಿಗುತ್ತದೆಂಬ ಮಾತು ನಂಬತಕ್ಕದ್ದಲ್ಲ. ಅದು ಮೊದಲ ಮೆಟ್ಟಿಲು, ಅದರ ಮೇಲೆ ವರ್ಷದಷ್ಟು ಕಲಿಕೆ ಇದೆ.

ಹಾಗೂ ಸೇರುವುದಾದರೆ ಸಾಲ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಬಡ್ಡಿ ಮತ್ತು ಶುಲ್ಕಗಳ ವಿವರಪತ್ರವನ್ನು ಮೊದಲೇ ಕೊಡಬೇಕು, ದಂಡವಿಲ್ಲದೆ ಸಾಲದಿಂದ ಹಿಂದೆ ಸರಿಯಲು ಒಂದಿಷ್ಟು ಕಾಲಾವಕಾಶವನ್ನೂ ಕೊಡಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಸಂಸ್ಥೆ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

"'ಕನ್ನಡ' ಅನ್ನೋ ಪದದಲ್ಲಿ ಎಷ್ಟು ಅಕ್ಷರ ಅಂತ ಕೇಳಿದರೆ ಪೈಥಾನ್ ಐದು ಅನ್ನುತ್ತೆ. ತಪ್ಪಲ್ವಾ?"

ನಮ್ಮ ಕಿವಿಗೆ ಮೂರು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡಿಗೆ ಐದು. ಒತ್ತಕ್ಷರವನ್ನು ಕಂಪ್ಯೂಟರು ನಕಾರ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೊಂದು ನಕಾರ ಎಂದು ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ. ಉದ್ದ ಹೇಳುವ 'ಲೆನ್' ಎಣಿಸುವುದು ಆ ಬಿಡಿಭಾಗಗಳನ್ನು. ಇದರ ಪರಿಣಾಮ ಅಭ್ಯಾಸಗಳಲ್ಲಿ ಕಾಣುತ್ತದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಮನ್ನು ಎಲ್ಲ ಕೋರ್ಸುಗಳಲ್ಲೂ ಬರೆಸುತ್ತಾರೆ. ಅದಕ್ಕೆ 'ಕನಕ' ಕೊಟ್ಟರೆ ಹೌದೆನ್ನುತ್ತದೆ, 'ವಿಕಟಕವಿ' ಕೊಟ್ಟರೆ ಅಲ್ಲ ಎನ್ನುತ್ತದೆ! ತಿರುಗಿಸಿದಾಗ ಕೊನೆಯ 'ವಿ'ಯ ಗುಡಿಸು ತನ್ನ ವಕಾರವನ್ನು ಬಿಟ್ಟು ಮೊದಲಿಗೆ ಬಂದು ನಿಲ್ಲುವುದೇ ಕಾರಣ. ಗುಣಿತದ ಚಿಹ್ನೆ ಮತ್ತು ಒತ್ತುಗಳನ್ನು ಮೂಲ ವ್ಯಂಜನದ ಜೊತೆ ಗಂಟು ಹಾಕಿ, ಹಾಗೆ ಸಿಕ್ಕ ಅಕ್ಷರಗಳ ಪಟ್ಟಿಯನ್ನು ತಿರುಗಿಸುವ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡಿನ ತುಣುಕು) ಬರೆಯಿರಿ. ಕನ್ನಡ ಬಲ್ಲವರು ಮಾತ್ರ ಸರಿಯಾಗಿ ಬರೆಯಬಲ್ಲ ಪ್ರೋಗ್ರಾಮು ಇದು. ಇಂಥ ಕೆಲಸ ನಮ್ಮ ನುಡಿಗೆ ಬೇಕಾದಷ್ಟು ಬಾಕಿ ಇದೆ.

ಪೈಥಾನ್ 3ರಲ್ಲಿ ವೇರಿಯಬಲ್‌ಗೆ 'ಬೆಲೆ' ಎಂದು ಕನ್ನಡದಲ್ಲೇ ಹೆಸರಿಡಬಹುದು. 'ಇಂಟ್'ಗೆ ಕನ್ನಡ ಅಂಕಿಯಲ್ಲಿ ೧೦ ಕೊಟ್ಟರೂ ಅದು ಹತ್ತೆಂದೇ ತಿಳಿಯುತ್ತದೆ. ಆದರೆ ಯೂನಿಕೋಡಿಗಿಂತ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಹೀಗೆ ನಡೆಯುವುದಿಲ್ಲ, ಮೊದಲು ಪರಿವರ್ತಿಸಿಕೊಳ್ಳಬೇಕು.

"ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸಿದರೆ ಮೂವತ್ತು ಪೈಸೆ ಬರ್ತಿಲ್ಲ. ನನ್ನ ಕಂಪ್ಯೂಟರ್ ಕೆಟ್ಟಿದೆಯಾ?"

ಕೆಟ್ಟಿಲ್ಲ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ಎಲ್ಲರ ಯಂತ್ರದಲ್ಲೂ ಹಾಗೆಯೇ. ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಮಾನದಲ್ಲಿ ಹೇಗೆ ಮುಗಿಯುವುದಿಲ್ಲವೋ ಹಾಗೆ ಹತ್ತನೆಯ ಒಂದು ಭಾಗವು ಸೊನ್ನೆ, ಒಂದು ಎರಡೇ ಅಂಕಿಗಳಿರುವ ಕಂಪ್ಯೂಟರಿನ ದ್ವಿಮಾನದಲ್ಲಿ ಮುಗಿಯುವುದಿಲ್ಲ. ಹಣದ ಲೆಕ್ಕವನ್ನು ಪೈಸೆಯ ಪೂರ್ಣಾಂಕಗಳಲ್ಲಿ ಮಾಡಿ, ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ.

"ಕೋರ್ಸ್ ಮುಗೀತು. ಮುಂದೇನು?"

ತಕ್ಷಣ ಇನ್ನೊಂದು ಕೋರ್ಸಿಗೆ ಸೇರಬೇಡಿ. ನಿಮ್ಮ ಹತ್ತಿರದವರು ಯಾರಾದರೂ ನಿಜವಾಗಿ ಬಳಸುವಂಥ ಒಂದು ಸಣ್ಣ ಪ್ರೋಗ್ರಾಮು ಬರೆಯಿರಿ. ಅದರ ಆಮೇಲೆ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ), ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ), ಡೇಟಾ ಸ್ಟ್ರಕ್ಚರ್‌ಗಳು (ಮಾಹಿತಿಯನ್ನು ಜೋಡಿಸಿಡುವ ಬಗೆಗಳು) ಈ ಕ್ರಮದಲ್ಲಿ ಬರಲಿ. ಕೊನೆಯದಕ್ಕೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರು ಪೈಥಾನ್‌ನಲ್ಲೇ ಕಲಿಸಿದ ಎನ್‌ಪಿಟಿಇಎಲ್ ಪಾಠಗಳಿವೆ.

ನಮ್ಮಲ್ಲಿಗೆ ಬರುತ್ತಿದ್ದ, ಮೊದಲ ಪ್ರಶ್ನೆ ಕೇಳಿದ ಆ ಬಿ.ಕಾಂ. ಓದಿದವರು, ತಾವಿರುವ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಲೆಕ್ಕಕ್ಕೆ ಇಂಥದೊಂದನ್ನು ಬರೆದರು. ವಾಚ್‌ಮನ್ ಪುಸ್ತಕದಲ್ಲಿ ಬರೆದ ತಾರೀಖು, ಗಾಡಿ ನಂಬರ್, ಲೀಟರ್ ಇಷ್ಟನ್ನು ಒಂದು ಫೈಲಿಗೆ ಸೇರಿಸಿದರೆ ಅದು ತಿಂಗಳ ಮೊತ್ತ ತೆಗೆದು, ಒಂದೇ ಗಾಡಿ ಒಂದೇ ದಿನ ಎರಡು ಸಲ ದಾಖಲಾಗಿದ್ದರೆ ತೋರಿಸುತ್ತದೆ. ಮೊದಲ ತಿಂಗಳೇ ಎರಡು ಟ್ಯಾಂಕರ್ ಹೆಚ್ಚಾಗಿ ಬರೆದದ್ದು ಸಿಕ್ಕಿತು. ಒಟ್ಟು ನಲವತ್ತಾರು ಸಾಲಿನ ಪ್ರೋಗ್ರಾಮು ಅದು. ಈಗ ಪಕ್ಕದ ಕಟ್ಟಡದವರೂ ಅದನ್ನು ಕೇಳಿದ್ದಾರೆ, ಆದರೆ ಅವರ ಪುಸ್ತಕದಲ್ಲಿ ತಾರೀಖು ಬರೆಯುವ ರೀತಿ ಬೇರೆ. ಅದನ್ನು ಓದಲು ಹೊಸದೊಂದು ಫಂಕ್ಷನ್ ಬರೆಯಲು ಆ ಬಿ.ಕಾಂ. ಓದಿದವರು ಈ ಭಾನುವಾರ ಬರುತ್ತಿದ್ದಾರೆ.